ಷರಾ

ಕಾಲಂ ಒಂದು: ತಾಕಿನ ಸಂಖ್ಯೆ. ಎರಡು: ಗಿಡದ ಎತ್ತರ.
ಮೂರು: ತೆನೆಗೆ ಬೆರಳೆಷ್ಟು.
ನಾಲ್ಕು: ಕುತ್ತಿಗೆಗೆ ಬೆಂಕಿ ರೋಗ
ಇದೆಯೋ, ಇದ್ದರೆ ನೂರಕ್ಕೆ ಎಷ್ಟು.
ಕೊನೆಗೆ ಬೆರಳಗಲದ ಒಂದು ಸಂದಿ: ಷರಾ.
ಎರಡು ವರ್ಷ ನಾನು ಅದರಲ್ಲಿ ಬರೆದದ್ದು
ಇಲ್ಲ, ಇಲ್ಲ, ಇಲ್ಲ,
ಒಮ್ಮೆ ಮಾತ್ರ, ನವಿಲು.

ಗುಡಿಬಂಡೆ ದಾಟಿ, ಬಸ್ಸಿಳಿದು, ಮೂರು ಮೈಲಿ
ಆಂಜಿನಪ್ಪನ ಲೂನಾದ ಹಿಂದೆ ಅಳತೆಕೋಲು ಹಿಡಿದು ಕೂತರೆ
ಗಂಗುಲಮ್ಮನ ಹೊಲ.
ಕೇಂದ್ರದಿಂದ ಅರ್ಧ ಎಕರೆ ಕೇಳಿದ್ದೆವು.
ಹದಿನಾರು ತಳಿ, ಮೂರು ಸಲ, ಚೀಟಿ ಎತ್ತಿ ಹಂಚಿದ ತಾಕು,
ನಲವತ್ತೆಂಟು ಗೂಟಕ್ಕೆ ನಲವತ್ತೆಂಟು ತಗಡು.
'ಏನಮ್ಮಾ, ರಾಗಿಗೂ ಹಾಜರಿ ಕೂಗ್ತೀಯಾ?' ಅಂದಳು.
ನನಗೊಂದು ಹೆಸರಿತ್ತು. ಅವಳಿಟ್ಟದ್ದು ಬೇರೆ:
ಕಡ್ಡಿ ಮೇಡಮ್ಮ.

ತಾಕು ತಾಕಿನ ನಡುವೆ ಒಂದು ಗಜ ಖಾಲಿ ಬಿಡಬೇಕು.
ಹೇಳಿದ್ದೆ. ಎರಡು ಸಲ ಹೇಳಿದ್ದೆ.
ಅವಳ ಪಾಲಿಗೆ ಖಾಲಿ ಅನ್ನೋದು ಅಳತೆಯಲ್ಲ, ಸೋಮಾರಿತನ.
ನಾನು ರಜೆ ಹಾಕಿದ ವಾರ, ಹದ ಮಳೆ ಬಿದ್ದದ್ದೇ
ಗೆರೆಗೆ ಗೆರೆ ಅಕ್ಕಡಿ ಹಾಕಿಬಿಟ್ಟಿದ್ದಳು:
ಅವರೆ, ಹುಚ್ಚೆಳ್ಳು, ಅಲ್ಲೊಂದು ಇಲ್ಲೊಂದು ಹರಳು,
ಬದುವಿನಂಚಿಗೆ ನಾಲ್ಕು ಜೋಳ.

ಕೀಳಬೇಕು ಎಂದೆ. ಕೀಳು ಎಂದಳು.
ಅಷ್ಟೇ. ಹೊಂಗೆಯ ನೆರಳಿಗೆ ಹೋಗಿ ಎಲೆಗೆ ಸುಣ್ಣ ಸವರುತ್ತಾ ಕೂತಳು.
ಕುಕ್ಕರಗಾಲಲ್ಲಿ ನಾಲ್ಕು ಅವರೆ ಕಿತ್ತೆ.
ಐದನೆಯದು ಬೀಜದ ಸಿಪ್ಪೆಯನ್ನು ಇನ್ನೂ
ಟೋಪಿಯ ಹಾಗೆ ಹಾಕಿಕೊಂಡಿತ್ತು.
ಇದಕ್ಕೆ ಕಾಲಂ ಇರಲಿಲ್ಲ.
ಎದ್ದೆ. ಕೈ ಒರೆಸಿಕೊಂಡೆ.
ಆಂಜಿನಪ್ಪ ಅದೇಕೋ ಆಕಾಶ ನೋಡುತ್ತಿದ್ದ.

ತೆನೆ ಬಲಿಯಿತು. ಹನ್ನೊಂದನೇ ತಳಿ ಎಲ್ಲರಿಗಿಂತ ಮುಂದೆ,
ರೋಗವಿಲ್ಲ, ಬಾಗಿಲ್ಲ, ಮುಷ್ಟಿ ಕಟ್ಟಿದ ಬೆರಳು.
ಹೆಮ್ಮೆಯಿಂದ ತೋರಿಸಿದೆ. ಅವಳು ತೆನೆ ಬಿಟ್ಟು ಬುಡ ನೋಡಿದಳು:
'ಹುಲ್ಲು ಗಿಡ್ಡ. ನಮ್ಮ ಸೀಮೆಹಸು ಏನು,
ನಿನ್ನ ರಿಜಿಸ್ಟರ್ ತಿನ್ನುತ್ತಾ?'

ದೀಪಾವಳಿ ಕಳೆದು ಜೀಪಿನಲ್ಲಿ ನಾಲ್ವರು ಬಂದರು.
ಉಗಾಂಡದ ಒಬ್ಬಾಕೆ, ಹೆಸರು ಅಕೆಲೊ,
ಅಲ್ಲಿಯ ರಾಗಿ ಹೊಲಗಳಲ್ಲಿ ನನ್ನದೇ ಕೆಲಸ.
ಸಾಹೇಬರು ಛತ್ರಿಯಡಿ ಇಳುವರಿ ವಿವರಿಸುತ್ತಾ ಬಂದವರು
ಅಕ್ಕಡಿ ಕಂಡು ಕೆಮ್ಮಿದರು, ನನ್ನತ್ತ ತಿರುಗಿದರು.
ಆ ಕುತ್ತಿಗೆಗೆ ಬೆಂಕಿ ರೋಗ, ನೂರಕ್ಕೆ ನೂರು.

ಆಕೆ ಇದಾವುದನ್ನೂ ಕೇಳದೆ ಬಗ್ಗಿ, ಒಂದು ತೆನೆ ಮುರಿದು
ಅಂಗೈಗೆ ಹಾಕಿ, ಹೆಬ್ಬೆರಳ ಬುಡದಿಂದ ಉಜ್ಜಿ,
ಉಫ್ ಎಂದು ಊದಿ
ಬಾಯಿಗೆ ಎಸೆದುಕೊಂಡಳು.
ಗಂಗುಲಮ್ಮ ಎಲೆ ಅಗಿಯುವುದು ನಿಲ್ಲಿಸಿದಳು.
ಅದೇ ಉಜ್ಜು, ಅದೇ ಉಫ್,
ಹೊಟ್ಟು ಹಾರದ ಕಡೆಗೆ ಮುಖ ತಿರುವಿದ್ದೂ ಅದೇ.
'ಕಾಲ್' ಎಂದಳು ಆಕೆ ತನ್ನೂರ ಮಾತಲ್ಲಿ, ಅಂಗೈ ಚಾಚಿ.
'ಹೂಂ, ಕಾಳು' ಎಂದಳು ಈಕೆ. 'ಗಟ್ಟಿ ಕಾಳು.'
ಯಾರೂ ತರ್ಜುಮೆ ಮಾಡಲಿಲ್ಲ.
ಇಬ್ಬರೂ ಅಕ್ಕಡಿ ಸಾಲು ಹಿಡಿದು ಹೊರಟುಹೋದರು,
ಸೊಗಡಿನ ನಡುವೆ, ಸೀರೆಗೂ ಪ್ಯಾಂಟಿಗೂ ಒಂದೇ ಹಳದಿ ಪುಡಿ.
ಮೊಣಕೈಯಿಂದ ಬೆರಳ ತುದಿಗೆ ಅಳೆದು ಏನೋ ತೋರಿಸುತ್ತಿದ್ದಳು ಗಂಗುಲಮ್ಮ:
ಹುಲ್ಲೇ ಇರಬೇಕು. ಅಕೆಲೊ ಜೋರಾಗಿ ನಕ್ಕಳು.
ಅಲ್ಲೂ ಹಸುಗಳಿವೆ.

ಆ ವರ್ಷದ ವರದಿಯಲ್ಲಿ ಈ ಹೊಲ ಇಲ್ಲ.
'ನಿಯಮ ಪಾಲನೆಯಾಗದ ಕಾರಣ ಸರಾಸರಿಗೆ ಸೇರಿಸಿಲ್ಲ',
ಸಹಿ ನನ್ನದೇ.
ರಿಜಿಸ್ಟರ್ ಮಾತ್ರ ನನ್ನ ಬಳಿ ಉಳಿಯಿತು.
ಷರಾ ಕಾಲಂ ದಾಟಿ, ಅಂಚು ದಾಟಿ, ಪುಸ್ತಕ ಅಡ್ಡ ತಿರುಗಿಸಿ ಬರೆದೆ:
ಹುಲ್ಲಿನ ಉದ್ದ. ಹುಚ್ಚೆಳ್ಳಿಗೆ ಬೆಳಗ್ಗೆ ಎಂಟಕ್ಕೆ ಬರುವ ಜೇನು.
ಸಾರಿಗೆ ಅವರೆ ಸಿಕ್ಕ ದಿನಗಳು, ಮೂವತ್ತೇಳು.
ಟೋಪಿ ಹಾಕಿದ್ದ ಐದನೆಯ ಗಿಡ.
ಜಾಗ ಮುಗಿದು ರಟ್ಟಿನ ಮೇಲೂ.

ಕೊನೆಯ ಸಾಲು ಆಂಜಿನಪ್ಪ ಹೇಳಿ ಬರೆಸಿದ್ದು:
ನವಿಲು ಈ ಸಲವೂ ಬಂದಿತ್ತು. ಅವರೆ ತಿಂದು ಹೋಯಿತು.
ರಾಗಿ ಮುಟ್ಟಲಿಲ್ಲ.